ಮ್ಯೂಸ್‌ಸ್ಕೋರ್‌ನಲ್ಲಿ ಬಿ ಮೈನರ್ ಕಾರ್ಡ್‌ನ ಚಿತ್ರವನ್ನು ಏಳನೆಯ ಫ್ರೆಟ್‌ಗೆ ಬದಲಾಯಿಸುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಗಿಟಾರ್ ವಿದ್ಯಾರ್ಥಿಗಳಿಗಾಗಿ ಡಿ ಮೇಜರ್‌ನಲ್ಲಿರುವ ಒಂದು ಹಾಡನ್ನು ಸ್ವರಲಿಪಿ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್ 4ರಲ್ಲಿ ಬರೆಯುತ್ತಿದ್ದೇನೆ. ಪ್ಯಾಲೆಟ್‌ನಿಂದ (ಸಿದ್ಧ ಚಿಹ್ನೆಗಳ ಪಟ್ಟಿಯಿಂದ) ತಂದ, ಬಿ ಮೈನರ್ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಬೆರಳಿಡುವ ಜಾಗ ತೋರಿಸುವ ಚಿತ್ರವು ಎರಡನೆಯ ಫ್ರೆಟ್‌ನ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳು ಗುರುತಿಸುವ ಸ್ಥಾನದ) ಹಿಡಿತವನ್ನು ತೋರಿಸುತ್ತದೆ. ಆದರೆ ಅದಕ್ಕೆ ಮೊದಲು ಬರುವ ಡಿ ಕಾರ್ಡನ್ನು ಐದನೆಯ ಫ್ರೆಟ್‌ನಲ್ಲಿ ಹಿಡಿಸಿರುವುದರಿಂದ, ಕೈ ಹಿಂದಕ್ಕೆ ಜಿಗಿಯದೆ ಏಳನೆಯ ಫ್ರೆಟ್‌ಗೆ ಸರಿದರೆ ಸಾಕು ಎಂಬುದು ನನ್ನ ಉದ್ದೇಶ. ಫ್ರೆಟ್‌ಗಳ ಸಂಖ್ಯೆಯನ್ನು ಹೆಚ್ಚಿಸಿ ನೋಡಿದೆ. ಚಿತ್ರ ಏಣಿಯಂತೆ ಉದ್ದವಾಯಿತೇ ಹೊರತು ಕೆಲಸವಾಗಲಿಲ್ಲ.

ಉತ್ತರ 1:
ಹೆಚ್ಚಿಸಬೇಕಾದದ್ದು ಫ್ರೆಟ್‌ಗಳ ಒಟ್ಟು ಸಂಖ್ಯೆಯನ್ನಲ್ಲ, ಚಿತ್ರ ಆರಂಭವಾಗುವ ಫ್ರೆಟ್‌ನ ಸಂಖ್ಯೆಯನ್ನು. ಚಿತ್ರವನ್ನು ಆಯ್ದು, ಪ್ರಾಪರ್ಟೀಸ್ ಫಲಕದಲ್ಲಿ ಆ ಸಂಖ್ಯೆಯನ್ನು 7 ಮಾಡಿ. ಆಗ ಮೊದಲ ಅಂಕಣವೇ ಏಳನೆಯ ಫ್ರೆಟ್ ಆಗುತ್ತದೆ, ಪಕ್ಕದಲ್ಲಿ 7 ಮೂಡುತ್ತದೆ, ಮೇಲಿನ ದಪ್ಪ ಗೆರೆ ತೆಳುವಾಗುತ್ತದೆ. ಹಳೆಯ ಚುಕ್ಕೆಗಳನ್ನು ಅಳಿಸಿ, ಮೊದಲ ಅಂಕಣದಲ್ಲಿ ಆರೂ ತಂತಿಗಳಿಗೆ ಬ್ಯಾರೆ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತುವುದನ್ನು ತೋರಿಸುವ ಗೆರೆ) ಎಳೆದು, ಐದನೆಯ ಮತ್ತು ನಾಲ್ಕನೆಯ ತಂತಿಗಳ ಮೂರನೆಯ ಅಂಕಣದಲ್ಲಿ ಚುಕ್ಕೆ ಇಡಿ. ಅದು ಒಂಬತ್ತನೆಯ ಫ್ರೆಟ್. ಹಳೆಯ ಹಿಡಿತದಲ್ಲಿ ಆರನೆಯ ತಂತಿಯ ಮೇಲೆ ಇದ್ದ, ಆ ತಂತಿಯನ್ನು ನುಡಿಸಬಾರದು ಎಂದು ಸೂಚಿಸುವ ಗುಣಾಕಾರದ ಗುರುತನ್ನು ತೆಗೆಯಲು ಮರೆಯಬೇಡಿ; ಏಕೆಂದರೆ ಇಲ್ಲಿ ಮಂದ್ರದ ಬಿ ಸ್ವರ ಬರುವುದು ಆ ತಂತಿಯಿಂದಲೇ.

ಪ್ರಶ್ನೆ ಕೇಳಿದವರು:
ಸರಿಯಾಯಿತು, ಧನ್ಯವಾದಗಳು. ಹಾಡಿನಲ್ಲಿ ಈ ಕಾರ್ಡ್ ಎಂಟು ಕಡೆ ಬರುತ್ತದೆ. ಪ್ರತಿ ಸಲವೂ ಹೀಗೆಯೇ ತಿದ್ದಬೇಕೇ? ಅಲ್ಲದೆ, ಚಿತ್ರ ಬದಲಾದರೂ ಪ್ಲೇ ಮಾಡಿದಾಗ ಕೇಳಿಸುವ ನಾದ ಬದಲಾಗಲಿಲ್ಲ.

ಉತ್ತರ 1:
ಬೇಕಿಲ್ಲ. ಹೊಸ ಪ್ಯಾಲೆಟ್ ಒಂದನ್ನು ಮಾಡಿಕೊಂಡು, ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಒತ್ತಿಹಿಡಿದು ತಿದ್ದಿದ ಚಿತ್ರವನ್ನು ಅಲ್ಲಿಗೆ ಎಳೆದರೆ, ಮುಂದಿನ ಹಾಡುಗಳಿಗೂ ಅದು ಸಿಗುತ್ತದೆ. ನಾದ ಹೊರಡುವುದು ಕಾರ್ಡ್‌ನ ಹೆಸರಿನಿಂದ. ಚಿತ್ರ ವಾದಕನ ಕಣ್ಣಿಗಷ್ಟೆ. ಏಳನೆಯ ಫ್ರೆಟ್‌ನ ನಾದವೇ ಕೇಳಿಸಬೇಕಾದರೆ ಸ್ವರಗಳನ್ನು ಸ್ವರಲಿಪಿಯ ಸಾಲಿನಲ್ಲಿ ಬರೆಯಬೇಕಾಗುತ್ತದೆ.

ಉತ್ತರ 2:
ಇಂಥ ಹಿಡಿತಗಳು ಹೆಚ್ಚಾಗಿದ್ದರೆ ಪಠ್ಯ ಸಂಕೇತಗಳಿಂದ ಸ್ವರಲಿಪಿಯನ್ನು ರೂಪಿಸುವ ಲಿಲಿಪಾಂಡ್ ತಂತ್ರಾಂಶವನ್ನೂ ಪರಿಗಣಿಸಬಹುದು. ಆರನೆಯ ತಂತಿಯಿಂದ ಆರಂಭಿಸಿ 7-(;9;9;7;7;7-); ಎಂದು ಬರೆದರೆ ಆವರಣ ಚಿಹ್ನೆಗಳ ನಡುವೆ ಬ್ಯಾರೆ ಬೀಳುತ್ತದೆ, ಆರಂಭದ ಫ್ರೆಟ್ಟನ್ನು ತಂತ್ರಾಂಶವೇ ಲೆಕ್ಕಹಾಕುತ್ತದೆ. ಈ ಹಿಡಿತವನ್ನು ಬಿ ಮೈನರ್ ಹೆಸರಿಗೆ ಒಮ್ಮೆ ಕಟ್ಟಿಟ್ಟರೆ, ಹಾಡಿನುದ್ದಕ್ಕೂ ಅದೇ ಮುದ್ರಣವಾಗುತ್ತದೆ. ಫ್ರೆಟ್ ಸಂಖ್ಯೆ ಮಾತ್ರ ತಾನಾಗಿ ರೋಮನ್ ಅಂಕಿಯಲ್ಲಿ ಬರುತ್ತದೆ. ಹೊಸಬರಿಗೆ ಅದು ಗೊಂದಲವೆಂದು ನನ್ನ ಅನಿಸಿಕೆ. ಸೆಟ್ಟಿಂಗ್‌ನಲ್ಲಿ ಸಾಮಾನ್ಯ ಅಂಕಿಗೆ ಬದಲಾಯಿಸಿಕೊಳ್ಳಿ.