ಸುಗ್ಗಿ ಹಬ್ಬದ ಹಣ, ಕೊನೆಯ ಬೆಂಚು ಮತ್ತು ಯೂದನ ಚೀಲ

ಸಾಯನ್ ಸಭಿಕ: ಮುಂಬಯಿಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ (ಹೆಸರು ಬೇಡ, ಗೊತ್ತಿದ್ದವರಿಗೆ ಗೊತ್ತು) 11 ವರ್ಷ ಖಜಾಂಚಿಯಾಗಿದ್ದವರು ಸುಗ್ಗಿ ಹಬ್ಬದ ಏಲಂನಲ್ಲಿ (ಕಾಣಿಕೆಯಾಗಿ ಬಂದ ವಸ್ತುಗಳ ಹರಾಜು) ಕೂಡಿದ 84,000 ರೂಪಾಯಿಯನ್ನು ಬ್ಯಾಂಕಿಗೆ ಕಟ್ಟದೆ ಮಗನ ಕಾಲೇಜಿಗೆ ಬಳಸಿಕೊಂಡರು. ಯಾರೂ ಹಿಡಿಯುವ ಮೊದಲೇ ಸಭಾಪಾಲಕರ ಬಳಿ ತಾವಾಗಿ ಹೇಳಿಕೊಂಡರು, 50,000 ಹಿಂದಿರುಗಿಸಿದರು, ಹುದ್ದೆಯನ್ನೂ ಬಿಟ್ಟರು. ಈಗ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತು ಆಶೀರ್ವಾದಕ್ಕೆ ಮುಂಚೆಯೇ ಎದ್ದುಹೋಗುತ್ತಾರೆ. ವಾರ್ಷಿಕ ಸಭೆಯಲ್ಲಿ ಅವರ ಹೆಸರನ್ನು ಓದಿ ಸದಸ್ಯತ್ವವನ್ನು ಅಮಾನತಿನಲ್ಲಿಡಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 6:1ರಲ್ಲಿ, ತಪ್ಪಿಬಿದ್ದವನನ್ನು ಶಾಂತಭಾವದಿಂದ ಸರಿಪಡಿಸಿರಿ ಎನ್ನುವಾಗ ಪೌಲನು ಬಳಸಿದ ಗ್ರೀಕ್ ಕ್ರಿಯಾಪದವೇ ಮತ್ತಾಯ 4:21ರಲ್ಲಿ ಜೆಬೆದಾಯನ ಮಕ್ಕಳು ಬಲೆ ಸರಿಮಾಡುತ್ತಿದ್ದುದಕ್ಕೂ ಬಂದಿದೆ. ಹರಿದ ಬಲೆಯನ್ನು ಯಾವ ಬೆಸ್ತನೂ ಎಸೆಯುವುದಿಲ್ಲ.

ಥಾಣೆಯ ಲೆಕ್ಕಿಗ: ಎಸೆಯುವುದಿಲ್ಲ, ನಿಜ, ಆದರೆ ಹೊಲಿದು ಮುಗಿಸುವ ತನಕ ನೀರಿಗೂ ಇಳಿಸುವುದಿಲ್ಲ. ಮಹಾರಾಷ್ಟ್ರದಲ್ಲಿ ಸಭೆಯ ಟ್ರಸ್ಟುಗಳು 1950ರ ಸಾರ್ವಜನಿಕ ನ್ಯಾಸ ಕಾಯಿದೆಗೆ ಒಳಪಟ್ಟಿವೆ. ಲೆಕ್ಕ ಪರಿಶೋಧಕರು ಕಂಡ ಅಕ್ರಮವನ್ನು ವರದಿಯಲ್ಲಿ ಬರೆಯಲೇಬೇಕು, ಕರುಣೆ ಎಂಬ ಶೀರ್ಷಿಕೆಯಡಿ ಖರ್ಚು ತೋರಿಸಲು ಅವರಿಗೆ ಅವಕಾಶವಿಲ್ಲ. ಇಂದು ಮೃದುವಾಗಿ ಮುಚ್ಚಿಹಾಕಿದರೆ ನಾಳೆ ಕಳ್ಳನ ಕೈಗೆ ನಾವೇ ಚೀಲ ಕೊಟ್ಟಂತಾಗುತ್ತದೆ.

ವಾಸ್ಕೋ ಹಡಗುಕಟ್ಟೆ: “ಕಳ್ಳನ ಕೈಗೆ ಚೀಲ” ಎಂದಿರಿ, ಬಹಳ ಸಂತೋಷ. ಯೋಹಾನ 12:6ರ ಪ್ರಕಾರ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನು ಹಣದ ಚೀಲದಿಂದ ಕದಿಯುತ್ತಿದ್ದನು. 13:29ಕ್ಕೆ ಬನ್ನಿ, ಕೊನೆಯ ಭೋಜನದ ರಾತ್ರಿಯೂ ಚೀಲ ಅವನ ಬಳಿಯೇ ಇತ್ತು. ಕರ್ತನಾದ ಯೇಸು ಅದನ್ನು ಕಿತ್ತುಕೊಳ್ಳಲಿಲ್ಲ, ಅವನ ಕಾಲನ್ನೂ ತೊಳೆದನು. ನಿಮ್ಮ ಸಮಿತಿ ಕರ್ತನಿಗಿಂತ ಹೆಚ್ಚು ಎಚ್ಚರಿಕೆಯುಳ್ಳದ್ದೋ?

ಥಾಣೆಯ ಲೆಕ್ಕಿಗ: ಅದೇ 13:29ನ್ನು ಪೂರ್ತಿ ಓದಿರಿ. ಹಬ್ಬಕ್ಕೆ ಬೇಕಾದದ್ದನ್ನು ಕೊಳ್ಳಲೋ ಬಡವರಿಗೆ ಕೊಡಲೋ ಯೂದನು ಎದ್ದುಹೋದನೆಂದು ಶಿಷ್ಯರು ಭಾವಿಸಿದರು, ಅಂದರೆ ಅವನ ಕಳ್ಳತನ ಅವರಿಗೆ ಆಗ ತಿಳಿದಿರಲಿಲ್ಲ. ನಮಗೆ ತಿಳಿದಿದೆ, ಪಾಸ್‌ಬುಕ್ ಕೈಯಲ್ಲಿದೆ. ಚೀಲ ಬಿಟ್ಟುಕೊಟ್ಟದ್ದರ ಕೊನೆ ಏನಾಯಿತೆಂಬುದನ್ನು ಕೂಡ ದಯವಿಟ್ಟು ಬರೆಯಿರಿ.

ವಾಸ್ಕೋ ಹಡಗುಕಟ್ಟೆ: ಶಿಷ್ಯರಿಗೆ ತಿಳಿದಿರಲಿಲ್ಲ, ಸರಿ. ಯೇಸುವಿಗೆ? ತನ್ನನ್ನು ಹಿಡಿದುಕೊಡುವವನು ಯಾರೆಂದು ಆತನಿಗೆ ಮೊದಲಿನಿಂದಲೂ ತಿಳಿದಿತ್ತು ಎನ್ನುವ 6:64ನ್ನು ನೀವು ಬೇಕೆಂದೇ ಬಿಟ್ಟಿರಿ.

ಧಾರಾವಿ 90 ಅಡಿ ರಸ್ತೆ: ಯಾವ ಸಮಿತಿಯ ಕಾರ್ಯದರ್ಶಿಯೂ ಮೊದಲಿನಿಂದ ಎಲ್ಲವನ್ನೂ ತಿಳಿದವನಲ್ಲ, ಆದ್ದರಿಂದಲೇ ರಸೀದಿ ಪುಸ್ತಕವಿದೆ. ದೇವಕುಮಾರನ ಸಹನೆಯನ್ನು ಖಜಾನೆಯ ನಿಯಮವನ್ನಾಗಿ ಮಾಡಬೇಡಿ.

ಖಡ್ಕಿಯ ಅಕ್ಕ: ಯೂದನ ಕೊನೆಯನ್ನು ಬರೆಯಿರಿ ಎಂದಿರಲ್ಲ, ನಾನು ಬರೆಯುತ್ತೇನೆ. ಮತ್ತಾಯ 27ರಲ್ಲಿ ಅವನು, ಯೇಸುವನ್ನು ಹಿಡಿದುಕೊಡಲು ಪಡೆದಿದ್ದ 30 ಬೆಳ್ಳಿ ನಾಣ್ಯಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮಹಾಯಾಜಕರ ಬಳಿಗೆ ಹೋಗಿ “ನಾನು ಪಾಪ ಮಾಡಿದೆನು” ಎಂದನು. ಅದು ನಮಗೇನು, ನೀನೇ ನೋಡಿಕೋ ಎಂದರು ಅವರು. ಹಣ ಹಿಡಿದು ಬಾಗಿಲಿಗೆ ಬಂದವನಿಗೆ ದೇವಾಲಯದವರು ಕೊಟ್ಟ ಉತ್ತರವದು; ಆಮೇಲೆ ಅವನು ಹೋಗಿ ನೇಣು ಹಾಕಿಕೊಂಡನು. ನಮ್ಮ ಪುಣೆಯಿಂದ ಸೊಲ್ಲಾಪುರದ ರೈಲು ಹಿಡಿದರೆ ಸಿಗುವ ಕೇಡಗಾಂವದಲ್ಲಿ ಪಂಡಿತಾ ರಮಾಬಾಯಿ, ಊರೆಲ್ಲ ‘ಕೆಟ್ಟವರು’ ಎಂದು ಬಿಟ್ಟ ಹೆಂಗಸರಿಗಾಗಿಯೇ ಕೃಪಾ ಸದನ ಎಂಬ ಮನೆಯನ್ನು ತೆರೆದರು. ಅಲ್ಲಿ ಮೊದಲು ಹೆಸರು ಓದಿ ಆಮೇಲೆ ಬಾಗಿಲು ತೆರೆದರೆಂದು ನಾನೆಲ್ಲೂ ಓದಿಲ್ಲ.

ಥಾಣೆಯ ಲೆಕ್ಕಿಗ: ಅಕ್ಕನವರೇ, ಕೃಪಾ ಸದನಕ್ಕೆ ಬಂದವರ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟರೆಂದೂ ನಾನು ಓದಿಲ್ಲ.

ಧಾರಾವಿ 90 ಅಡಿ ರಸ್ತೆ: ಯೂದನದು ಪಶ್ಚಾತ್ತಾಪವೇ ಅಲ್ಲ. ಮತ್ತಾಯ 27:3ರಲ್ಲಿರುವುದು ಮನಸ್ಸು ತಿರುಗಿಕೊಳ್ಳುವುದೆಂಬ ‘ಮೆತಾನೊಯೆಯೊ’ ಪದವಲ್ಲ, ಬರಿಯ ವಿಷಾದವನ್ನು ಸೂಚಿಸುವ ‘ಮೆತಾಮೆಲೊಮಾಯ್’. ಯೇಸುವನ್ನು ಅರಿಯೆನೆಂದು ಹೇಳಿ, ಅತ್ತು ತಿರುಗಿಬಂದವನು ಪೇತ್ರ; ಅತ್ತವರೆಲ್ಲ ಪೇತ್ರರಾಗುವುದಿಲ್ಲ.

ವಾಸ್ಕೋ ಹಡಗುಕಟ್ಟೆ: ಆ “ಬರಿಯ ವಿಷಾದ”ದ ಪದವೇ ಮತ್ತಾಯ 21:29ರಲ್ಲಿದೆ. ತೋಟಕ್ಕೆ ಹೋಗುವುದಿಲ್ಲ ಎಂದು ಹೇಳಿ, ಮನಸ್ಸು ಬದಲಾಯಿಸಿಕೊಂಡು ಹೋದನಲ್ಲ ಆ ಮಗ, ತಂದೆಯ ಚಿತ್ತದಂತೆ ನಡೆದವನು ಅವನೇ ಎಂದು ಒಪ್ಪಿಸಿದವನು ಯೇಸು. ನಿಘಂಟನ್ನು ಅರ್ಧಕ್ಕೆ ಮುಚ್ಚಿದರೆ ಹೀಗಾಗುತ್ತದೆ.

ಧಾರಾವಿ 90 ಅಡಿ ರಸ್ತೆ: ನಿಘಂಟಂತೆ! ಆ ಏಲಂನಲ್ಲಿ ನನ್ನ ತಾಯಿ ಒಂದು ತೆಂಗಿನಕಾಯಿಗೆ 600 ರೂಪಾಯಿ ಕೂಗಿದರು. ಮೂರು ಮನೆಗಳಲ್ಲಿ ಪಾತ್ರೆ ತೊಳೆದು ದುಡಿಯುವವರು, ಆ ಕಾಯಿಯನ್ನು ಒಡೆಯದೆ ಒಂದು ವಾರ ದೇವರ ವಾಕ್ಯದ ಪುಸ್ತಕದ ಪಕ್ಕದಲ್ಲಿಟ್ಟಿದ್ದರು. ಯಾರದೋ ಮಗನ ಶುಲ್ಕಕ್ಕೆ ಅದು ಹೋಯಿತೆಂದು ಅವರಿಗೆ ಇನ್ನೂ ನಾನು ಹೇಳಿಲ್ಲ. ಕರುಣೆ ತೋರಿಸಲು ನಿಮಗೇನು ಕಷ್ಟ, ನೀವು ಕುಳಿತಿರುವುದು ಗೋವೆಯಲ್ಲಿ!

ವಾಸ್ಕೋ ಹಡಗುಕಟ್ಟೆ: ಗೋವೆಗೂ ಗ್ರೀಕ್ ಪದಕ್ಕೂ ಏನು ಸಂಬಂಧವೆಂದು ತಿಳಿಯಲಿಲ್ಲ. 21:29ಕ್ಕೆ ಉತ್ತರ ಬರಲಿಲ್ಲವೆಂಬುದನ್ನು ಮಾತ್ರ ಗಮನಿಸಿದೆ. ಯೂದನ ವಿಷಯ ಇಲ್ಲಿಗೆ ಮುಗಿಸುತ್ತೇನೆ.

ಸಾಯನ್ ಸಭಿಕ: ನಾನು ಕೇಳಿದ್ದು ಯೂದನ ಬಗ್ಗೆ ಅಲ್ಲ. ಕಳೆದ ಭಾನುವಾರ ಕಾಣಿಕೆ ಚೀಲ ಹಿಡಿದವನು ನಾನೇ. ಕೊನೆಯ ಬೆಂಚಿಗೆ ಬಂದಾಗ ಅವರು ಮಡಚಿದ ನೋಟನ್ನು ಬೆರಳ ಸಂದಿಯಲ್ಲಿ ಹಿಡಿದಿದ್ದರು. ನಾನು ಅವರ ಮೊಣಕಾಲಿನ ಮೇಲಿಂದ ತೋಳು ಚಾಚಿ ಪಕ್ಕದವರಿಗೆ ಚೀಲ ಕೊಟ್ಟೆ. ಅದು ಬೇಕೆಂದು ಮಾಡಿದ್ದಲ್ಲ, ಆದರೆ ತೋಳು ತಾನಾಗಿಯೇ ಆ ಕಡೆಗೆ ಹೋಯಿತು. ನೋಟು ಮತ್ತೆ ಅಂಗಿಯ ಜೇಬಿಗೆ ಹೋಯಿತು. ಅವರಿಗೆ ಚೀಲದ ಹೊಣೆ ಮತ್ತೆ ಕೊಡಬೇಕೆಂದು ನಾನು ಹೇಳುತ್ತಿಲ್ಲ, ಎಂದೂ ಕೊಡಬಾರದು. ಚೀಲಕ್ಕೆ ಹಾಕಲಾದರೂ ಬಿಡಬೇಡವೇ ಎಂದು ಕೇಳುತ್ತಿದ್ದೇನೆ.

ವಾಸ್ಕೋ ಹಡಗುಕಟ್ಟೆ: “ಎಂದೂ ಕೊಡಬಾರದು” ಎಂಬುದು ಎಲ್ಲಿಂದ ಬಂತು? ಸುವಾರ್ತೆಯ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ತಮ್ಮನ್ನು ಕೈಬಿಟ್ಟು ಹೋದ ಮಾರ್ಕನನ್ನು ಜೊತೆಗೆ ಕರೆದೊಯ್ಯಲಾರೆ ಎಂದು ಜೊತೆಗಾರ ಬಾರ್ನಬನೊಂದಿಗೆ ಜಗಳವಾಡಿದ ಪೌಲನೇ ಕೊನೆಗೆ, ಅವನನ್ನು ಕರೆದುಕೊಂಡು ಬಾ, ನನಗೆ ಉಪಯುಕ್ತನು ಎಂದು ತಿಮೊಥೆಯನಿಗೆ ಬರೆದನು. ಯೂದನಿಗೂ ಕರ್ತನು “ಎಂದೂ ಕೊಡಬಾರದು” ಎನ್ನಲಿಲ್ಲ.

ಥಾಣೆಯ ಲೆಕ್ಕಿಗ: ಯೂದನ ವಿಷಯ ಮುಗಿಸಿದ್ದೀರೆಂದು ಭಾವಿಸಿದ್ದೆ. ಇರಲಿ, ಉಳಿದ 34,000 ಎಲ್ಲಿದೆ? ಇಷ್ಟು ಹೊತ್ತು ಒಬ್ಬರೂ ಅದನ್ನು ಎತ್ತಲಿಲ್ಲ. ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನು, ಇಲ್ಲಿ ಒಂದರಷ್ಟೂ ಪೂರ್ತಿಯಾಗಿಲ್ಲ.

ಖಡ್ಕಿಯ ಅಕ್ಕ: ಒನೇಸಿಮನು ನಿನಗೇನಾದರೂ ಸಾಲಗಾರನಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಎಂದು ಪೌಲನು ಆ ದಾಸನ ಯಜಮಾನ ಫಿಲೆಮೋನನಿಗೆ ಬರೆದನು. ಅದರಂತೆ 5,000 ನನ್ನ ಲೆಕ್ಕಕ್ಕೆ ಹಾಕಿರಿ. ಉಳಿದ 29,000ಕ್ಕೆ ಗ್ರೀಕ್ ಬಲ್ಲವರು ಮುಂದೆ ಬರಲಿ.

ಧಾರಾವಿ 90 ಅಡಿ ರಸ್ತೆ: ನಾನು ಕೊಡುವುದಿಲ್ಲ. ನಮ್ಮ ಮನೆಯಿಂದ 600 ಆಗಲೇ ಹೋಗಿದೆ.

ಥಾಣೆಯ ಲೆಕ್ಕಿಗ: ಅಕ್ಕನವರೇ, ಪೌಲನು ಕೊಡುತ್ತೇನೆಂದದ್ದು ತನ್ನ ಕೈಯಿಂದ, ಸಭೆಯ ನಿಧಿಯಿಂದ ಅಲ್ಲ, ಆದ್ದರಿಂದ ನಿಮ್ಮ ಉದಾಹರಣೆಗೆ ನನ್ನ ಆಕ್ಷೇಪವಿಲ್ಲ. ಚೆಕ್ ಕಳುಹಿಸಿರಿ. ರಸೀದಿಯನ್ನು ನಿಮ್ಮ ಹೆಸರಿನಲ್ಲಿ ಬರೆಯಬೇಕೋ, ಅವರ ಹೆಸರಿನಲ್ಲೋ?