ಅಪ್‌ಡೇಟ್: ಲೈವ್‌ನಿಂದ ಕತ್ತರಿಸಿದ ಕ್ಲಿಪ್ ಶುರುವಿಗೇ ಹೆಪ್ಪುಗಟ್ಟುವ ಸಮಸ್ಯೆ ಬಗೆಹರಿಯಿತು

ಕೊಪ್ಪಳ ಗವಿಮಠದ ತೇರಿನ ಲೈವ್‌ನಿಂದ ತೆಗೆದ ಕ್ಲಿಪ್‌ಗಳಲ್ಲಿ ಮೊದಲ ಐದಾರು ಸೆಕೆಂಡ್ ಬರೀ ಧ್ವನಿ, ಚಿತ್ರ ನಿಂತೇ ಇರುತ್ತದೆ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆ ಥ್ಯಾಂಕ್ಸ್.

ಕಾರಣ ಕೀಫ್ರೇಮ್, ಅಂದರೆ ವಿಡಿಯೋದಲ್ಲಿ ಆಗಾಗ ಬರುವ ಪೂರ್ತಿ ಚಿತ್ರ; ನಡುವಿನ ಫ್ರೇಮ್‌ಗಳಲ್ಲಿ ಬದಲಾವಣೆ ಮಾತ್ರ ಇರುತ್ತದೆ. ಲೈವ್ ಮತ್ತು ರೆಕಾರ್ಡಿಂಗ್ ಮಾಡುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ ಕೀಫ್ರೇಮ್ ಇಂಟರ್ವಲ್ (ಎರಡು ಕೀಫ್ರೇಮ್ ನಡುವಿನ ಅಂತರ) 0 ಅಂದರೆ ಆಟೋ. ವಿಡಿಯೋ ಎನ್‌ಕೋಡ್ ಮಾಡುವ ಎಕ್ಸ್264 ಆಗ 250 ಫ್ರೇಮ್‌ವರೆಗೂ ಕಾಯಬಹುದು, 30 ಎಫ್‌ಪಿಎಸ್‌ಗೆ (ಸೆಕೆಂಡಿಗೆ 30 ಫ್ರೇಮ್) ಎಂಟು ಸೆಕೆಂಡಿನ ಮೇಲಾಯಿತು. ಮರು ಎನ್‌ಕೋಡ್ ಮಾಡದೆ ಕಾಪಿ ಮೋಡ್‌ನಲ್ಲಿ ನಡುವೆ ಕತ್ತರಿಸಿದರೆ ಮುಂದಿನ ಕೀಫ್ರೇಮ್ ಬರುವ ತನಕ ಎಷ್ಟೋ ಪ್ಲೇಯರ್‌ಗಳಿಗೆ ತೋರಿಸಲು ಏನೂ ಇರಲ್ಲ. ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಈ ಇಂಟರ್ವಲ್ 2 ಸೆಕೆಂಡ್ ಇಡಿ. ಯೂಟ್ಯೂಬ್ ಹೇಳುವುದೂ ಅದನ್ನೇ. ಈಗಾಗಲೇ ರೆಕಾರ್ಡ್ ಆದ ಫೈಲಿಗೆ ಇದರಿಂದ ಉಪಯೋಗವಿಲ್ಲ, ಆ ತುಣುಕನ್ನಷ್ಟೇ ಸಿಆರ್‌ಎಫ್ (ಕ್ವಾಲಿಟಿ ಮಟ್ಟ, ಸಂಖ್ಯೆ ಕಡಿಮೆಯಾದಷ್ಟು ಒಳ್ಳೆಯದು) 20ರಲ್ಲಿ ಮರು ಎನ್‌ಕೋಡ್ ಮಾಡಬೇಕು.

ರೆಕಾರ್ಡಿಂಗ್ ಎಂಕೆವಿ ಫಾರ್ಮ್ಯಾಟ್‌ನಲ್ಲೇ ಇರಲಿ. ಕರೆಂಟ್ ಹೋದರೆ ಮಾಮೂಲಿ ಎಂಪಿ4 ತೆರೆಯುವುದೇ ಇಲ್ಲ. ಎಂಕೆವಿ ಅಲ್ಲಿವರೆಗಿನದ್ದನ್ನು ಉಳಿಸುತ್ತದೆ. ಆಮೇಲೆ ರೀಮಕ್ಸ್ (ಮರು ಎನ್‌ಕೋಡ್ ಇಲ್ಲದೆ ಎಂಪಿ4ಗೆ ಬದಲಿಸುವುದು) ಮಾಡಿಕೊಳ್ಳಿ.

ಮೊಬೈಲ್ ನೆಟ್ಟಗೆ ಹಿಡಿದು ನೋಡುವ 9:16 ಕ್ಲಿಪ್‌ಗೆ 1920×1080ರಲ್ಲಿ 608 ಅಗಲ ಕ್ರಾಪ್ ಸಾಕು. ತೇರು ಎತ್ತರದ್ದು, ಚೆನ್ನಾಗಿ ಕೂರುತ್ತದೆ. ಉತ್ತತ್ತಿ ಎಸೆಯುವ ಜನ ಮಾತ್ರ ಚೌಕಟ್ಟಿನಾಚೆ ಹೋಗುತ್ತಾರೆ, ಆ ಶಾಟ್ ಅಡ್ಡವೇ ಬಿಡಿ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಕ್ವಾಲಿಟಿ ಕೆಡಲ್ಲ.