ಸೋತವರನ್ನು ‘ಅಜೇಯ’ ಎನ್ನಬಹುದೇ?

ಮಾನ್ಯರೇ,

ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಮಕ್ಕಳ ಗೋಡೆಪತ್ರಿಕೆಗೆ ಬಂದ ಬರಹವೊಂದನ್ನು ತಿದ್ದುವಾಗ ಎದುರಾದ ಸಂದೇಹವನ್ನು ತಮ್ಮ ಮುಂದಿಡುತ್ತಿದ್ದೇನೆ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ನಡೆದ ಬಾಕ್ಸಿಂಗ್ ಪಂದ್ಯವನ್ನು ಕುರಿತ ಆ ಬರಹಕ್ಕೆ ‘ಇಬ್ಬರು ಅಜೇಯರ ಕಾಳಗ’ ಎಂಬ ತಲೆಬರಹವಿದೆ. ಅಲಿ ಅದುವರೆಗಿನ ತಮ್ಮ 31 ಪಂದ್ಯಗಳನ್ನೂ, ಫ್ರೇಜಿಯರ್ ತಮ್ಮ 26 ಪಂದ್ಯಗಳನ್ನೂ ಗೆದ್ದಿದ್ದರಾದ್ದರಿಂದ ಹುಡುಗ ಹೇಳಹೊರಟ ಸಂಗತಿ ಸರಿಯೇ. ಆದರೆ 15ನೆಯ ಸುತ್ತಿನಲ್ಲಿ ಫ್ರೇಜಿಯರ್ ಅವರ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ತಗುಲಿ ಅಲಿ ಅಂಗಾತ ಬಿದ್ದದ್ದೂ, ಎದ್ದು ನಿಂತು ಸುತ್ತನ್ನು ಮುಗಿಸಿದರೂ ತೀರ್ಪು ಒಮ್ಮತದಿಂದ ಫ್ರೇಜಿಯರ್ ಪರವಾಗಿ ಬಂದದ್ದೂ ಅದೇ ಬರಹದ ಕೊನೆಯಲ್ಲಿದೆ. ಅಜೇಯರಾದವರು ಸೋತದ್ದು ಹೇಗೆ ಎಂದು ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು.

‘ಅಜೇಯ’ ಎಂದರೆ ಯಾರಿಂದಲೂ ಸೋಲಿಸಲಾಗದವನು. ಪಾಣಿನಿಯ ಸೂತ್ರವು ‘ಗೆಲ್ಲಲು ಸಾಧ್ಯ’ ಎಂಬರ್ಥಕ್ಕೆ ‘ಜಯ್ಯ’ ಎಂಬ ಬೇರೆ ರೂಪವನ್ನೇ ಹೇಳುತ್ತದೆ. ಆ ಲೆಕ್ಕದಲ್ಲಿ ‘ಅಜಯ್ಯ’ ಎನ್ನಬೇಕಾಗಿತ್ತು, ಆದರೆ ನಮ್ಮ ಬಳಕೆಯಲ್ಲಿ ಆ ಅರ್ಥವನ್ನೂ ‘ಅಜೇಯ’ವೇ ಹೊತ್ತಿದೆ. ‘ಅಪರಾಜಿತ’ದ ಬಗೆ ಬೇರೆ. ಅದು ಇದುವರೆಗೆ ಸೋತಿಲ್ಲವೆಂದಷ್ಟೇ ಹೇಳಿ ನಾಳೆಯ ವಿಚಾರದಲ್ಲಿ ಸುಮ್ಮನಿರುತ್ತದೆ. ಇಬ್ಬರು ಅಪರಾಜಿತರು ಎದುರಾಗಬಹುದು. ಇಬ್ಬರು ಅಜೇಯರು ಎದುರಾದರೆ ಪದವೇ ಸುಳ್ಳಾಗುತ್ತದೆ. ಔಟಾಗದೆ ಉಳಿದ ಬ್ಯಾಟರನ್ನೂ ಪತ್ರಿಕೆಗಳು ‘ಅಜೇಯ’ ಎಂದೇ ಬರೆಯುವುದರಿಂದ ಮಕ್ಕಳ ಕಿವಿಗೆ ಈ ವ್ಯತ್ಯಾಸ ಬೀಳುತ್ತಲೇ ಇಲ್ಲ.

ಅಲಿಯವರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸೇನೆಗೆ ಸೇರಲು ಒಪ್ಪದ ಕಾರಣಕ್ಕೆ 1967ರಲ್ಲಿ ಅವರ ವಿಶ್ವ ಹೆವಿವೇಟ್ ಚಾಂಪಿಯನ್ ಪಟ್ಟವನ್ನು ಕಿತ್ತುಕೊಳ್ಳಲಾಗಿತ್ತು. ‘ಪಟ್ಟ ಕಳೆದುಕೊಂಡ’ ಎಂದು ಬರೆದರೆ ಕಣದಲ್ಲಿ ಸೋತರೆಂದೇ ಓದುಗರು ತಿಳಿಯುತ್ತಾರೆ.

ನನ್ನ ಮನಸ್ಸು ಅಚ್ಚಗನ್ನಡದ ‘ಸೋಲರಿಯದ’ದ ಕಡೆಗೆ ವಾಲುತ್ತದೆ. ಆದರೆ ನಮ್ಮ ನಿಷೇಧ ಕೃದಂತಕ್ಕೆ ಕಾಲವಿಲ್ಲ: ‘ಅರಿಯದ’ ಎಂದರೆ ಹಿಂದೆ ಅರಿಯದ, ಈಗ ಅರಿಯದ, ಮುಂದೆಯೂ ಅರಿಯದ ಎಂದೆಲ್ಲ ಆಗಬಹುದು, ಹಾಗಾಗಿ ‘ಅಜೇಯ’ದ ತೊಡಕೇ ಇಲ್ಲಿಯೂ ಮರಳಿ ಬರುತ್ತದೆ. ‘ಸೋತಿರದ’ ಎಂದಾಗ ಮಾತ್ರ ‘ಇರು’ ಧಾತು ಸೇರಿ ಅರ್ಥ ಅಂದಿನವರೆಗೆ ನಿಲ್ಲುತ್ತದೆಯೆಂದು ನನಗೆ ತೋರುತ್ತದೆ. ಇದನ್ನು ವ್ಯಾಕರಣ ಬಲ್ಲವರು ಒಪ್ಪುವರೇ?

ಇನ್ನೊಂದು ಸಣ್ಣ ಮಾತು. ದೂರ ನಿಂತು ಸುತ್ತ ಕುಣಿಯುತ್ತ ಎಡಗೈಯ ನೀಳ ಜ್ಯಾಬ್‌ಗಳಿಂದ ಹೊಡೆಯುವ ಅಲಿ, ತಲೆ ತಗ್ಗಿಸಿ ಮೈ ತೂಗುತ್ತ ಒಳನುಗ್ಗುವ ಫ್ರೇಜಿಯರ್, ಇವರಿಬ್ಬರ ರೀತಿಗಳನ್ನು ಹುಡುಗ ‘ಪಟ್ಟು’ ಎಂದಿದ್ದಾನೆ. ಪಟ್ಟು ಕುಸ್ತಿಯ ಹಿಡಿತಕ್ಕೆ ಸಲ್ಲುತ್ತದೆ. ಹಿಡಿಯುವುದೇ ನಿಷಿದ್ಧವಾದ ಬಾಕ್ಸಿಂಗಿಗೆ ‘ವರಸೆ’ ಹೊಂದುತ್ತದೆಂದು ತಿದ್ದಿದ್ದೇನೆ.

ತುಮಕೂರು, ಕೋಲಾರದ ಕಡೆಯ ಗರಡಿಗಳಲ್ಲಿ, ಅಲ್ಲಿಯವರೆಗೆ ಒಂದೂ ಕುಸ್ತಿ ಸೋತಿರದ ಪೈಲ್ವಾನನಿಗೆ ಹಿರಿಯರು ಬಳಸುತ್ತಿದ್ದ ಒಂದೇ ಪದವೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ಸದ್ಯಕ್ಕೆ ತಲೆಬರಹವನ್ನು ‘ಅದುವರೆಗೆ ಸೋತಿರದ ಇಬ್ಬರ ಕಾಳಗ’ ಎಂದು ಬದಲಿಸಿ, ಪೆನ್ಸಿಲಿನಲ್ಲಿಯೇ ಬರೆದಿಟ್ಟಿದ್ದೇನೆ.